ಕೀಬೋರ್ಡಿಗೆ ಮೈಕ್ ಹಾಕಿ ಹಾಡುವಾಗ

ಪ್ರಶ್ನೆ: ಕೀಬೋರ್ಡಿಗೇ ಮೈಕ್ ಹಾಕಿ ಹಾಡಿದರೆ ದನಿ ಕರಕರ ಅನ್ನುತ್ತದೆ. ವೋಕಲ್ ಹಾರ್ಮನಿ ಒತ್ತಿದರೆ ಜೊತೆಯ ದನಿಗಳೆಲ್ಲ ಅಪಸ್ವರ. ಏನು ಮಾಡಲಿ?

ಉತ್ತರ: ಕರಕರಕ್ಕೆ ಕಾರಣ ಸಾಮಾನ್ಯವಾಗಿ ಗೇನ್, ಅಂದರೆ ಮೈಕಿನ ದನಿಯನ್ನು ಒಳಗೆ ಎಷ್ಟು ಹಿಗ್ಗಿಸಿ ತೆಗೆದುಕೊಳ್ಳಬೇಕೆಂಬ ಮಟ್ಟ. ವಾಲ್ಯೂಮ್ ಇಳಿಸಿ ಪ್ರಯೋಜನವಿಲ್ಲ, ದನಿ ಒಳಗೆ ಬರುವಾಗಲೇ ಒಡೆದಿರುತ್ತದೆ. ‘ಹಲೋ, ಮೈಕ್ ಟೆಸ್ಟಿಂಗ್’ ಎಂದು ಮೆಲ್ಲಗೆ ಹೇಳಿ ಗೇನ್ ಇಡಬೇಡಿ. ಹಾಡಿನ ತಾರಸ್ಥಾಯಿಯ ಸಾಲನ್ನೇ ಗಟ್ಟಿಯಾಗಿ ಹಾಡಿ, ಕೆಂಪು ದೀಪ ಹತ್ತದಷ್ಟಕ್ಕೆ ಗೇನ್ ನಿಲ್ಲಿಸಿ. ಗುಂಯ್‌ಗುಡುತ್ತಿದ್ದರೆ ಈಕ್ಯೂನಲ್ಲಿ ಲೋ ಸ್ವಲ್ಪ ತಗ್ಗಿಸಿ. ರಿವರ್ಬ್ ಕೊನೆಗಿರಲಿ. ಕಲ್ಯಾಣ ಮಂಟಪದ ಗೋಡೆಗಳೇ ಬೇಕಾದಷ್ಟು ಪ್ರತಿಧ್ವನಿ ಕೊಡುತ್ತವೆ. ಮೇಲಿಂದ ನೀವೂ ಸುರಿದರೆ ಸಾಹಿತ್ಯ ದೇವರಿಗೂ ಕೇಳಿಸದು.

ಹಾರ್ಮನಿಯ ಕತೆ ಬೇರೆ. ಯಮಾಹಾ ಪಿಎಸ್‌ಆರ್-ಎಸ್‌ಎಕ್ಸ್900ರಂಥ ಮಾದರಿಗಳಲ್ಲಿ ಕಾರ್ಡ್ ಆಧರಿಸಿದ ಹಾರ್ಮನಿ ನಿಮ್ಮ ಎಡಗೈ ನೋಡಿಕೊಂಡು ಸ್ವರ ಆರಿಸುತ್ತದೆ. (ಅದೇ ಸಾಲಿನ ಎಸ್‌ಎಕ್ಸ್700ಕ್ಕೆ ಮೈಕ್ ಹಾಕಬಹುದು, ಹಾರ್ಮನಿ ಇಲ್ಲ.) ಸಿ ಮೇಜರ್‌ನಿಂದ ಎಫ್‌ಗೆ ಬೆರಳು ತಡವಾಗಿ ಹೋಯಿತೆನ್ನಿ, ನೀವು ಮುಂದಿನ ಸಾಲಿನಲ್ಲಿದ್ದರೂ ಜೊತೆಯವರು ಇನ್ನೂ ಸಿಯಲ್ಲೇ ಇರುತ್ತಾರೆ.

ನಮ್ಮವರಿಗೆ ಇನ್ನೊಂದು ತೊಡಕು ಗಮಕ. ತೋಡಿಯ ಗಾಂಧಾರವನ್ನು ತೂಗಿದರೆ ಯಾವ ಸ್ವರ ಹಿಡಿಯಬೇಕೆಂದು ಯಂತ್ರ ತಡಕಾಡುತ್ತದೆ. ಆಲಾಪಕ್ಕೆ ಹಾರ್ಮನಿ ಬೇಡವೇ ಬೇಡ. ಪಲ್ಲವಿಯ ನೀಳ, ನೇರ ಸ್ವರಗಳಿಗಷ್ಟೇ ಸಾಕು. ಸ್ಪೀಕರಿನ ಸದ್ದು ಮೈಕಿಗೆ ನುಗ್ಗಿದರೂ ಸ್ವರದ ಗುರುತು ತಪ್ಪುತ್ತದೆ. ಆದ್ದರಿಂದ ಮೈಕಿನ ಬೆನ್ನು ಸ್ಪೀಕರಿನ ಕಡೆಗಿರಲಿ, ಬಾಯಿ ಮೈಕಿಗೆ ಹತ್ತಿರವಿರಲಿ.