ಮೂರು ಬಾರಿ ಸೋತವನ ಸೋಮವಾರ

ವಿಂಬಲ್ಡನ್ನಿನ ಹಸುರು ಅಂಗಳದಲ್ಲಿ ಅಚ್ಚರಿಗಳಿಗೆ ಎಂದೂ ಬರವಿಲ್ಲ. ಆದರೂ ಹಳೆಯ ಟೆನಿಸ್ ರಸಿಕರು ನಾಲ್ವರು ಕಲೆತರೆ, 2001ರ ಪ್ರಸ್ತಾಪ ಬಾರದಿರುವುದು ಅಪೂರ್ವ.

ಆ ವರ್ಷ, ಏಳು ಸಲ ಪ್ರಶಸ್ತಿ ಗೆದ್ದಿದ್ದ ಪೀಟ್ ಸಾಂಪ್ರಾಸ್ ನಾಲ್ಕನೆಯ ಸುತ್ತಿನಲ್ಲಿಯೇ ಮಣಿದನು. ಮಣಿಸಿದವನು 19ರ ಹರೆಯದ ರೋಜರ್ ಫೆಡರರ್. ಮುಂದೆ ಆತನೇ ಅಲ್ಲಿ ಎಂಟು ಸಲ ಗೆಲ್ಲುವನೆಂದು ಅಂದು ಊಹಿಸಿದವರಾರು?

ಆದರೆ ರಸಿಕರ ಕಣ್ಣನ್ನು ತೇವಗೊಳಿಸಿದವನು ಕ್ರೊಯೇಷಿಯದ ಗೊರಾನ್ ಇವಾನಿಸೆವಿಚ್. 1992, 1994, 1998—ಮೂರು ಬಾರಿಯೂ ಅಂತಿಮ ಪಂದ್ಯದಲ್ಲಿ ಸೋತಿದ್ದನು. ಭುಜದ ನೋವು ಬಾಧಿಸುತ್ತಿತ್ತು; ಶ್ರೇಯಾಂಕ 125ಕ್ಕೆ ಇಳಿದಿತ್ತು. ಸಂಘಟಕರು ವಿಶೇಷ ಪ್ರವೇಶ ನೀಡಿದ್ದರಿಂದಲೇ ಆಡುವ ಅವಕಾಶ ದೊರೆಯಿತು.

ಉಪಾಂತ್ಯ ಪಂದ್ಯದಲ್ಲಿ ಇಂಗ್ಲೆಂಡಿನ ಟಿಮ್ ಹೆನ್‌ಮನ್ ಮುನ್ನಡೆಯಲ್ಲಿದ್ದಾಗ ಮಳೆ ಸುರಿಯಿತು. ಮೂರು ದಿನಗಳಿಗೆ ಹರಡಿದ ಆ ಪಂದ್ಯ ಇವಾನಿಸೆವಿಚ್‌ನದಾಯಿತು. ಅಂತಿಮ ಪಂದ್ಯ ಸೋಮವಾರಕ್ಕೆ ಸರಿಯಿತು. ಸರದಿಯಲ್ಲಿ ಕಾದು ಟಿಕೆಟ್ಟು ಪಡೆದ ಜನಸಾಮಾನ್ಯರು ಧ್ವಜಗಳೊಡನೆ ಅಂಗಳವನ್ನು ತುಂಬಿದರು.

ಐದನೆಯ ಸೆಟ್ಟು. ಗೆಲುವಿಗೆ ಒಂದೇ ಅಂಕ ಬೇಕಾಗಿದ್ದಾಗ ಆತನ ಕೈ ನಡುಗಿತು. ಮೂರು ಅವಕಾಶಗಳು ಜಾರಿದವು. ನಾಲ್ಕನೆಯದರಲ್ಲಿ ಆಸ್ಟ್ರೇಲಿಯದ ಪ್ಯಾಟ್ರಿಕ್ ರಾಫ್ಟರ್ ಮರಳಿಸಿದ ಚೆಂಡು ಬಲೆಗೆ ಬಡಿಯಿತು. 9–7!

ರಾಫ್ಟರ್ ಹಿಂದಿನ ವರ್ಷವೂ ಅಂತಿಮ ಪಂದ್ಯದಲ್ಲಿ ಸೋತವನೇ. ಆ ಪ್ರಶಸ್ತಿ ಆತನಿಗೆ ಮುಂದೆಂದೂ ಒಲಿಯಲಿಲ್ಲ. ಗೆದ್ದವನಿಗಾಗಿ ಕುಣಿದ ರಸಿಕನ ಎದೆಯ ಮೂಲೆಯಲ್ಲಿ ಸೋತವನಿಗೂ ಇಂದಿಗೂ ಒಂದು ನಿಟ್ಟುಸಿರು ಉಳಿದಿದೆ. ಸೋಲನ್ನು ಮರೆಯದ ಅಭಿಮಾನಕ್ಕೇ ಅಲ್ಲವೇ, ಗೆಲುವಿನ ಸವಿ ತಿಳಿಯುವುದು?