ಪ್ರಜಾಪ್ರಭುತ್ವದ ಪರೀಕ್ಷಕನಾದ ತೊಕ್ವಿಲ್

ಮನೆಯ ಬಾಗಿಲನ್ನು ಮುಚ್ಚಿಕೊಂಡು, ಹೆಂಡಿರುಮಕ್ಕಳೊಡನೆ ಸುಖವಾಗಿದ್ದು, ಊರ ಕೆಲಸ ಊರಿನವರಿಗಿರಲಿ ಎನ್ನುವ ಗೃಹಸ್ಥನನ್ನು ಲೋಕವು ಸಾಧುವೆಂದು ಹೊಗಳುವುದು. ಅವನು ಯಾರಿಗೂ ಕೇಡು ಬಗೆದವನಲ್ಲ, ನಿಜ. ಆದರೆ ಇಂತಹ ಸಾಧುಗಳಿಂದಲೇ ಪ್ರಜಾಪ್ರಭುತ್ವವು ಒಳಗೊಳಗೇ ಸವೆಯುವುದೆಂದು ಎಚ್ಚರಿಸಿದವನು ಫ್ರಾನ್ಸು ದೇಶದ ಅಲೆಕ್ಸಿ ದ ತೊಕ್ವಿಲ್.

ಈತನು ೧೮೦೫ನೆಯ ಇಸವಿ ಜುಲೈ ೨೯ರಂದು ಪ್ಯಾರಿಸ್ ನಗರದಲ್ಲಿ, ನಾರ್ಮಂಡಿ ಪ್ರಾಂತದ ಪ್ರಾಚೀನ ಶ್ರೀಮಂತ ಮನೆತನವೊಂದರಲ್ಲಿ ಜನಿಸಿದನು. ತಾಯಿಯ ಕಡೆಯ ಮುತ್ತಜ್ಜನಾದ ಮಾಲ್‌ಜೆರ್ಬನು ಹದಿನಾರನೆಯ ಲೂಯಿ ದೊರೆಯ ಪರವಾಗಿ ವಾದಿಸಿ, ೧೭೯೪ರಲ್ಲಿ ತಾನೂ ಶಿರಚ್ಛೇದಕ್ಕೆ ಗುರಿಯಾದನು. ಸೆರೆಯಲ್ಲಿದ್ದ ತಂದೆತಾಯಿಗಳು ರೋಬೆಸ್ಪಿಯರನ ಪತನದಿಂದ ಬದುಕಿಕೊಂಡರು. ಇಂತಹ ಮನೆಯಲ್ಲಿ ಬೆಳೆದವನು ಜನರ ಆಳ್ವಿಕೆಯನ್ನು ದ್ವೇಷಿಸಿದ್ದರೆ ಆಶ್ಚರ್ಯವಿರಲಿಲ್ಲ. ಆದರೆ ತೊಕ್ವಿಲನು ಅದನ್ನು ಅರಿಯಲೆಳಸಿದನು. ಸಮಾನತೆಯ ಪ್ರವಾಹವನ್ನು ಯಾರೂ ತಡೆಯಲಾರರು. ಅದು ಸ್ವಾತಂತ್ರ್ಯದ ಕಡೆಗೆ ಹರಿಯುವುದೋ ದಾಸ್ಯದ ಕಡೆಗೋ ಎಂಬುದು ಮಾತ್ರ ಜನರನ್ನವಲಂಬಿಸಿದೆ ಎಂದು ಅವನು ನಿಶ್ಚಯಿಸಿದನು.

ವರ್ಸೇಲ್ಸಿನ ನ್ಯಾಯಸ್ಥಾನದಲ್ಲಿ ಕೆಲಸದಲ್ಲಿದ್ದ ಅವನು ೧೮೩೧ರಲ್ಲಿ, ಗುಸ್ತಾವ್ ದ ಬೋಮೊಂ ಎಂಬ ಮಿತ್ರನೊಡನೆ, ಸೆರೆಮನೆಗಳ ವ್ಯವಸ್ಥೆಯನ್ನು ಪರಿಶೀಲಿಸಲು ಅಮೆರಿಕೆಗೆ ತೆರಳಿದನು. ಒಂಬತ್ತು ತಿಂಗಳ ಆ ಸಂಚಾರದ ಫಲವೇ ೧೮೩೫ ಮತ್ತು ೧೮೪೦ರಲ್ಲಿ ಎರಡು ಭಾಗಗಳಾಗಿ ಪ್ರಕಟವಾದ 'ಅಮೆರಿಕೆಯಲ್ಲಿ ಪ್ರಜಾಪ್ರಭುತ್ವ' ಎಂಬ ಉದ್ಗ್ರಂಥ.

ಅಲ್ಲಿ ಅವನ ಮನಸ್ಸನ್ನು ಸೆಳೆದುದು ರಾಜಧಾನಿಯ ವೈಭವವಲ್ಲ. ನ್ಯೂ ಇಂಗ್ಲೆಂಡ್ ಪ್ರಾಂತದ ಊರುಗಳಲ್ಲಿ ನಿವಾಸಿಗಳು ಸಭೆ ಸೇರಿ, ಊರ ವೆಚ್ಚವನ್ನು ಗೊತ್ತುಮಾಡಿ, ಅಧಿಕಾರಿಗಳನ್ನು ತಾವೇ ಚುನಾಯಿಸುತ್ತಿದ್ದರು. ಶಾಲೆ, ಆಸ್ಪತ್ರೆಗಳಿಗಾಗಿ ಸಂಘಗಳನ್ನು ಕಟ್ಟುತ್ತಿದ್ದರು. ದಡದಲ್ಲಿ ನಿಂತು ಈಜು ಕಲಿತವರುಂಟೆ? ಸ್ವಾತಂತ್ರ್ಯವೂ ಹಾಗೆಯೇ, ಸಣ್ಣ ಕೆಲಸಗಳಲ್ಲಿ ಕೈಹಾಕಿದವರಿಗೇ ಅದು ಕರಗತವಾಗುವುದು.

ಅವನು ದೋಷಗಳನ್ನು ಮರೆಮಾಚಲಿಲ್ಲ. ಗುಲಾಮಗಿರಿಯನ್ನು ಖಂಡಿಸಿದನು, ನೆಲೆ ಕಳೆದುಕೊಂಡ ಚಾಕ್ಟಾ ಜನರು ಚಳಿಗಾಲದಲ್ಲಿ ಮಿಸಿಸಿಪಿ ನದಿಯನ್ನು ದಾಟುತ್ತಿದ್ದುದನ್ನು ಕಣ್ಣಾರೆ ಕಂಡು ಬರೆದನು. ಬಹುಸಂಖ್ಯಾತರ ದಬ್ಬಾಳಿಕೆಯ ವಿಷಯದಲ್ಲಿ ಅವನು ಹೇಳಿದುದು ಸೂಕ್ಷ್ಮವಾದುದು: ಭಿನ್ನಮತದವನನ್ನು ಸೆರೆಗೆ ತಳ್ಳಬೇಕಾಗಿಲ್ಲ, ನೆರೆಹೊರೆಯವರು ಅವನಿಂದ ಮುಖ ತಿರುಗಿಸಿದರೆ ಸಾಕು. ಇನ್ನೊಂದು ಭಯವೆಂದರೆ, ಪ್ರತಿಯೊಬ್ಬನೂ ತನ್ನ ಸಂಸಾರದ ಮಿತಿಯಲ್ಲೇ ಉಳಿದರೆ, ಎಲ್ಲ ಹೊಣೆಯನ್ನೂ ಹೊರುವ ಸರ್ಕಾರವೊಂದು ಮೇಲೆ ನಿಂತು, ಪ್ರೀತಿಯಿಂದಲೇ ಪ್ರಜೆಗಳನ್ನು ಎಂದೆಂದಿಗೂ ಮಕ್ಕಳಾಗಿಸಿಬಿಡುವುದು.

ತೊಕ್ವಿಲನೂ ನಿರ್ದೋಷಿಯಲ್ಲ. ಸ್ವಾತಂತ್ರ್ಯವನ್ನು ಕೊಂಡಾಡಿದ ಅವನೇ ಆಲ್ಜೀರಿಯಾದ ಮೇಲಣ ಫ್ರೆಂಚರ ದಂಡಯಾತ್ರೆಯನ್ನು ಸಮರ್ಥಿಸಿದನು. ಭಾರತದಲ್ಲಿನ ಇಂಗ್ಲಿಷರ ಆಡಳಿತವನ್ನು ಕುರಿತು ಗ್ರಂಥವೊಂದನ್ನು ಬರೆಯಲು ಟಿಪ್ಪಣಿಗಳನ್ನು ಕೂಡಿಸಿದ್ದರೂ ಅದು ಪೂರ್ತಿಯಾಗಲಿಲ್ಲ.

೧೮೩೯ರಲ್ಲಿ ಶಾಸನಸಭೆಯ ಸದಸ್ಯನಾಗಿ, ೧೮೪೯ರಲ್ಲಿ ಕೆಲವು ತಿಂಗಳು ವಿದೇಶಾಂಗ ಮಂತ್ರಿಯಾಗಿ ಅವನು ದುಡಿದನು. ೧೮೫೧ರ ಡಿಸೆಂಬರಿನಲ್ಲಿ ಲೂಯಿ ನೆಪೋಲಿಯನ್ನನು ಸಭೆಯನ್ನು ಮುರಿದು ಅಧಿಕಾರವನ್ನು ಕಸಿದಾಗ, ಪ್ರತಿಭಟಿಸಿದ ತೊಕ್ವಿಲನೂ ಬಂಧಿತನಾದನು. ಆ ತಿಂಗಳಲ್ಲೇ ಬಹುಮಂದಿ ಫ್ರೆಂಚರು ಮತವಿತ್ತು ಆ ಅಪಹಾರವನ್ನು ಒಪ್ಪಿಕೊಂಡರು! ಮತದ ಹಕ್ಕೊಂದರಿಂದಲೇ ಸ್ವಾತಂತ್ರ್ಯವು ಉಳಿಯದೆಂಬುದಕ್ಕೆ ಬೇರೆ ನಿದರ್ಶನ ಬೇಕೆ?

ರಾಜಕೀಯದಿಂದ ದೂರ ಸರಿದ ಅವನು ೧೮೫೬ರಲ್ಲಿ ಫ್ರಾನ್ಸಿನ ಕ್ರಾಂತಿಯ ಮೂಲಗಳನ್ನು ಶೋಧಿಸುವ ಗ್ರಂಥವನ್ನು ಹೊರತಂದನು. ದೊರೆಗಳ ಕಾಲದಲ್ಲೇ ಅಧಿಕಾರವೆಲ್ಲ ಪ್ಯಾರಿಸಿನಲ್ಲಿ ಶೇಖರವಾಗಿ, ಊರುಗಳ ಸ್ವಂತ ಜೀವವು ಬತ್ತಿಹೋಗಿದ್ದುದನ್ನು ಅದರಲ್ಲಿ ತೋರಿಸಿದನು. ಕ್ಷಯರೋಗದಿಂದ ನರಳಿ ೧೮೫೯ರ ಏಪ್ರಿಲ್ ೧೬ರಂದು ಕಾನ್ ಪಟ್ಟಣದಲ್ಲಿ ತೀರಿಕೊಂಡನು.

ವಾಚಕರೇ, ಸಂಸಾರವನ್ನು ತೊರೆಯಿರೆಂದು ಅವನು ಹೇಳಲಿಲ್ಲ. ಬೀದಿಯ ದೀಪ, ಮಕ್ಕಳ ಶಾಲೆ, ಊರಿನ ಕೆರೆ, ಇವುಗಳ ವಿಚಾರವಾಗಿ ಸಭೆ ಸೇರುವ ದಿನ ನಮ್ಮ ಮನೆಯ ಬಾಗಿಲು ತೆರೆದಿರುವುದೋ ಮುಚ್ಚಿರುವುದೋ ಎಂಬುದೇ ಅವನ ಪ್ರಶ್ನೆ.