ರೋಗಿಯ ಗುಟ್ಟು, ವೈದ್ಯನ ಹೊಣೆ

“ಡಾಕ್ಟರೇ, ಇದು ಮನೆಯವರಿಗೆ ತಿಳಿಯಬಾರದು.” ಈ ಮಾತನ್ನು ಕೇಳದ ವೈದ್ಯರಿಲ್ಲ. ಮೂಲವ್ಯಾಧಿ, ಬಿಳಿಸೆರಗು, ಸಂತಾನಹೀನತೆ, ಮನೋರೋಗ, ಮದ್ಯದ ಚಟ ಇವುಗಳನ್ನು ಹೇಳಿಕೊಳ್ಳಲು ಜನರು ಇಂದಿಗೂ ಸಂಕೋಚಪಡುತ್ತಾರೆ. ಆ ಕೋರಿಕೆಯನ್ನು ನಡೆಸಿಕೊಡುವುದು ಕೇವಲ ಸೌಜನ್ಯವಲ್ಲ. ಅದು ಚಿಕಿತ್ಸೆಯ ಭಾಗವೇ ಆಗಿದೆ.

ಚರಕ ಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧ, ಪರಿಚಾರಕ ಮತ್ತು ರೋಗಿ. ರೋಗಿಗಿರಬೇಕಾದ ಗುಣಗಳಲ್ಲಿ ನಿರ್ಭಯತೆಯೂ ತನ್ನ ಬಾಧೆಯನ್ನು ತಿಳಿಯಹೇಳುವ ಶಕ್ತಿಯೂ ಸೇರಿವೆ. ಹತ್ತು ಜನರ ಕಿವಿಗೆ ಬೀಳುವಂತೆ ಕುಳಿತವನಿಗೆ ಈ ಗುಣಗಳು ಎಲ್ಲಿಂದ ಬರಬೇಕು? ಮಲದಲ್ಲಿ ರಕ್ತ ಹೋಗುತ್ತಿದೆಯೆಂದು ಹೇಳಲು ನಾಚಿದವನು ‘ಹೊಟ್ಟೆನೋವು’ ಎಂದಷ್ಟೇ ಹೇಳಿ ಚೂರ್ಣ ಪಡೆದು ಹೋಗುತ್ತಾನೆ. ಅದು ಮೂಲವ್ಯಾಧಿಯೋ ಕರುಳಿನ ಕ್ಯಾನ್ಸರೋ ಎಂಬ ಪರೀಕ್ಷೆಯೇ ನಡೆಯದೆ ಕಾಲ ಮೀರಬಹುದು. ರೋಗಿಯ ಮನೆಯ ವಿಷಯಗಳನ್ನು ಹೊರಗೆ ಆಡಬಾರದೆಂದು ಅದೇ ಗ್ರಂಥದ ವಿಮಾನಸ್ಥಾನವು ವೈದ್ಯವಿದ್ಯಾರ್ಥಿಗೆ ವಿಧಿಸಿದೆ.

ಇದಕ್ಕೆ ದೊಡ್ಡ ಆಸ್ಪತ್ರೆಯೇ ಬೇಕಿಲ್ಲ. ಒಂದು ಪರದೆ, ತಗ್ಗಿದ ದನಿ ಸಾಕು. ಸಹಾಯಕರು ಹೆಸರು ಹಿಡಿದು ಕರೆಯಲಿ, ಕಾಯಿಲೆಯನ್ನು ಕೂಗದಿರಲಿ. ಜೊತೆಗೆ ಬಂದವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ, ರೋಗಿಯನ್ನು ಒಬ್ಬರನ್ನೇ ಮಾತನಾಡಿಸಬೇಕು. ವರದಿಯನ್ನು ಯಾರ ಕೈಗೆ ಕೊಡಬೇಕು, ಯಾವ ಮೊಬೈಲಿಗೆ ಕಳಿಸಬೇಕು ಎಂಬುದನ್ನು ಕೇಳಿ ಚೀಟಿಯಲ್ಲಿಯೇ ಬರೆದಿಡಬೇಕು. ಬಂಧುಗಳು ಫೋನಿನಲ್ಲಿ ವಿಚಾರಿಸಿದರೆ, “ಅವರನ್ನೇ ಕೇಳಿರಿ” ಎಂಬುದೇ ತಕ್ಕ ಉತ್ತರ.

ಕಾನೂನೂ ರೋಗಿಯ ಪರವಾಗಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯು ಮನೋರೋಗಿಗೆ ಗೋಪ್ಯತೆಯ ಹಕ್ಕನ್ನು ನೀಡಿದೆ. ಅದೇ ವರ್ಷದ ಎಚ್‌ಐವಿ ಕಾಯ್ದೆಯ ಪ್ರಕಾರ, ಕಾಯ್ದೆಯೇ ಹೇಳಿದ ಕೆಲವು ಸಂದರ್ಭಗಳನ್ನುಳಿದು, ಸೋಂಕಿತರ ಸಮ್ಮತಿಯಿಲ್ಲದೆ ಆ ವಿಷಯವನ್ನು ಬಹಿರಂಗಪಡಿಸುವಂತಿಲ್ಲ.

ಆದರೂ ಎಲ್ಲವನ್ನೂ ಮುಚ್ಚಿಡುವೆನೆಂದು ವೈದ್ಯನು ಮಾತು ಕೊಡಲಾಗದು. ಕ್ಷಯರೋಗವನ್ನು ಸರ್ಕಾರಕ್ಕೆ ತಿಳಿಸುವುದು ಖಾಸಗಿ ವೈದ್ಯರಿಗೂ 2012ರಿಂದ ಕಡ್ಡಾಯ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಿಳಿದುಬಂದರೆ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಇದನ್ನು ರೋಗಿಗೆ ಮೊದಲೇ ಹೇಳುವುದು ಪ್ರಾಮಾಣಿಕತೆ. ಹಾಗೆ ತಿಳಿಸುವುದೂ ಸಂಬಂಧಪಟ್ಟ ಅಧಿಕಾರಿಗಳಿಗೆ ಮಾತ್ರ, ಊರಿಗಲ್ಲ.

ಸದ್ಭಕ್ತರಲ್ಲಿ ಎರಡು ಬಿನ್ನಹ. ಗುಟ್ಟಾಗಿರಬೇಕಾದುದನ್ನು ವೈದ್ಯರಿಗೆ ಆರಂಭದಲ್ಲಿಯೇ ತಿಳಿಸಿರಿ. ಆದರೆ ಸೇವಿಸುತ್ತಿರುವ ಬೇರೆ ಔಷಧಗಳನ್ನಾಗಲಿ ಚಟಗಳನ್ನಾಗಲಿ ವೈದ್ಯರಿಂದಲೇ ಮರೆಮಾಚಬೇಡಿರಿ. ಆಸ್ಪತ್ರೆಯಲ್ಲಿ ಕಂಡ ಪರಿಚಿತರನ್ನು ಜಾತ್ರೆಯಲ್ಲೋ ದಾಸೋಹದ ಪಂಕ್ತಿಯಲ್ಲೋ “ಏನು ಕಾಯಿಲೆ?” ಎಂದು ಕೇಳದಿರಿ. “ಕ್ಷೇಮವೇ?” ಎಂದರೆ ಸಾಕು, ಹೇಳಬೇಕೆನಿಸಿದರೆ ಅವರೇ ಹೇಳುತ್ತಾರೆ.